ಮೈಸೂರಿನ ಹೆಸರು ಹೊತ್ತ ಸೊಳ್ಳೆ

ಮೈಸೂರಿನ ಹೆಸರನ್ನು ಹೊತ್ತು ಲೋಕಸಂಚಾರ ಮಾಡುವ ಪದಾರ್ಥಗಳು ಒಂದೆರಡಲ್ಲ. ಮೈಸೂರು ಮಲ್ಲಿಗೆ, ಮೈಸೂರು ಪಾಕು, ಮೈಸೂರು ರೇಷ್ಮೆ, ಮೈಸೂರು ವೀಳೆಯದೆಲೆ, ಮೈಸೂರಿನ ಗಂಧದ ಸಾಬೂನು, ಹೀಗೆ ಪಟ್ಟಿ ಬೆಳೆಯುತ್ತ ಹೋಗುತ್ತದೆ. ಆ ಪಟ್ಟಿಯ ಕಟ್ಟಕಡೆಗೆ ನಗರದ ಬಹುಮಂದಿಗೆ ತಿಳಿಯದ, ತಿಳಿದರೂ ಅಷ್ಟಾಗಿ ಹೆಮ್ಮೆಯನ್ನು ತಾರದ ಒಂದು ಹೆಸರಿದೆ. ಅದು ಒಂದು ಸೊಳ್ಳೆಯದು. ‘ಅನಾಫಿಲಿಸ್ ಸ್ಟೀಫೆನ್ಸಿ’ ಎಂಬ ಸೊಳ್ಳೆಯ ಜಾತಿಯೊಳಗಿನ ಒಂದು ಪಂಗಡಕ್ಕೆ 1937ರಲ್ಲಿ ವಿಜ್ಞಾನಿಗಳು ‘ಮೈಸೂರೆನ್ಸಿಸ್’ ಎಂದು ನಾಮಕರಣ ಮಾಡಿದರು. ಮೈಸೂರಿನದು ಎಂದೇ ಆ ಪದದ ಅರ್ಥ.

ನಾಮಕರಣ ಮಾಡಿದವರು ಸ್ವೀಟ್ ಮತ್ತು ಬಿ. ಎ. ರಾವ್ ಎಂಬ ಇಬ್ಬರು. ಹೆಸರಿನಲ್ಲಿ ಸಿಹಿಯಿದ್ದ ಆ ವೈದ್ಯರು ಅಮೆರಿಕದ ರಾಕ್‌ಫೆಲರ್ ಪ್ರತಿಷ್ಠಾನದವರು. 1920ರ ದಶಕದ ಕೊನೆಯಲ್ಲಿ ಮೈಸೂರು ಸರ್ಕಾರವೂ ಆ ಪ್ರತಿಷ್ಠಾನವೂ ಕೂಡಿ ಸಂಸ್ಥಾನದೊಳಗೆ ಮಲೇರಿಯಾ ಜ್ವರದ ವ್ಯಾಸಂಗಕ್ಕಾಗಿ ಕೇಂದ್ರಗಳನ್ನು ತೆರೆದವು. ಮಲೆನಾಡಿಗೆ ಮೂಡಿಗೆರೆ, ಬಯಲುಸೀಮೆಗೆ ಹಿರಿಯೂರಿನ ಬಳಿಯ ಮಾರಿಕಣಿವೆ, ಕಾಲುವೆಯ ನೀರಾವರಿ ಪ್ರದೇಶಕ್ಕೆ ಮೈಸೂರಿನ ಮಗ್ಗುಲಿನ ನಾಗನಹಳ್ಳಿ. ಅಲ್ಲಿ ಈ ವೈದ್ಯರು ಸೊಳ್ಳೆಯ ಮೊಟ್ಟೆಗಳನ್ನು ಸೂಕ್ಷ್ಮದರ್ಶಕದ ಕೆಳಗಿಟ್ಟು, ನೀರಿನ ಮೇಲೆ ತೇಲುವುದಕ್ಕಾಗಿ ಆ ಮೊಟ್ಟೆಯ ಪಕ್ಕೆಗಳಲ್ಲಿರುವ ಗೆರೆಗಳನ್ನು ಎಣಿಸುತ್ತ ಕುಳಿತರು. ಗೆರೆ ಹೆಚ್ಚಾಗಿರುವ ಪಂಗಡ ಪಟ್ಟಣದ ತೊಟ್ಟಿ ಬಾವಿಗಳಲ್ಲಿ ಹುಟ್ಟಿ ಮನುಷ್ಯರನ್ನು ಕಚ್ಚುವುದು. ಗೆರೆ ಕಡಿಮೆಯಾಗಿರುವ ‘ಮೈಸೂರೆನ್ಸಿಸ್’ ಹಳ್ಳಿಗಾಡಿನದು, ದನದ ಕೊಟ್ಟಿಗೆಯನ್ನು ಮೆಚ್ಚುವಂಥದು. ನಮ್ಮ ದೇಶದಲ್ಲಿ ಜ್ವರವನ್ನು ಹಬ್ಬಿಸುವುದರಲ್ಲಿ ಇದರ ಪಾಲು ಅತ್ಯಲ್ಪ. ಆದುದರಿಂದ ನಮ್ಮ ಊರಿನ ಹೆಸರಿಗೆ ತಗಲಿದ ಕಳಂಕ ಅಷ್ಟೇನೂ ದೊಡ್ಡದಲ್ಲವೆಂದು ವಾಚಕರು ಸಮಾಧಾನಪಟ್ಟುಕೊಳ್ಳಬಹುದು!

ಈ ಸೊಳ್ಳೆಯ ಮಾತನ್ನು ಇಂದು ಎತ್ತಿದ್ದಕ್ಕೆ ಕಾರಣವಿದೆ. ಇದರ ಒಡಹುಟ್ಟಾದ ಪಟ್ಟಣದ ಸ್ಟೀಫೆನ್ಸಿ ಸೊಳ್ಳೆಯೇ ಮಲೇರಿಯಾಕ್ಕೆ ಲಸಿಕೆಯನ್ನು ಹುಡುಕುವ ಮಹಾಪ್ರಯತ್ನದಲ್ಲಿ ವಿಜ್ಞಾನಿಗಳ ಕೈಗೆ ಸಿಕ್ಕಿದ ಉಪಕರಣವಾಯಿತು. ರೋಗವನ್ನು ತರುವ ಕೀಟದಿಂದಲೇ ರೋಗನಿವಾರಣೆಯ ದಾರಿ ತೋರಿತು. ಆ ಕತೆಯನ್ನು ಇಲ್ಲಿ ಹೇಳಬೇಕಾಗಿದೆ.

ರಾಣಿವಾಸದ ತೋಳು

ಲಸಿಕೆಯೆಂಬುದು ಮೈಸೂರಿಗೆ ಹೊಸತಲ್ಲ. ಇಂಗ್ಲೆಂಡಿನ ಜೆನ್ನರ್ ಎಂಬ ವೈದ್ಯನು 1796ರಲ್ಲಿ ಆಕಳ ಸಿಡುಬಿನ ಕೀವನ್ನು ಒಬ್ಬ ಹುಡುಗನ ತೋಳಿಗೆ ಹಾಕಿ ಮೈಲಿಬೇನೆಯಿಂದ ರಕ್ಷಿಸಬಹುದೆಂದು ತೋರಿಸಿದ ಮೇಲೆ, 1802ರಲ್ಲಿ ಆ ವಿದ್ಯೆ ಮುಂಬಯಿಗೆ ಬಂದಿಳಿಯಿತು. 1805ರ ಸುಮಾರಿಗೆ ಥಾಮಸ್ ಹಿಕಿ ಎಂಬ ಚಿತ್ರಕಾರನು ಬರೆದ ಒಂದು ತೈಲಚಿತ್ರದಲ್ಲಿ ಮೂವರು ಸ್ತ್ರೀಯರು ಆಭರಣಭೂಷಿತರಾಗಿ ನಿಂತಿದ್ದಾರೆ. ಬಹುಕಾಲ ಇದು ನರ್ತಕಿಯರ ಚಿತ್ರವೆಂದೇ ನಂಬಿಕೆಯಿತ್ತು. ಇವರು ಮೈಸೂರಿನ ರಾಣಿವಾಸದವರು, ಅವರಲ್ಲಿ ಒಬ್ಬರು ಮುಮ್ಮಡಿ ಕೃಷ್ಣರಾಜ ಒಡೆಯರ ಕಿರಿಯ ರಾಣಿ ದೇವಾಜಮ್ಮಣ್ಣಿಯವರು, ಸೆರಗನ್ನು ಕೊಂಚ ಸರಿಸಿ ಅವರು ತೋರುತ್ತಿರುವುದು ದೇವಿ ಹಾಕಿಸಿಕೊಂಡ ತೋಳನ್ನು, ಎಂದು ಇತಿಹಾಸಕಾರ ನೈಜೆಲ್ ಚಾನ್ಸೆಲರ್ ಅವರು ವಾದಿಸಿದ್ದಾರೆ. ಅರಮನೆಯವರೇ ಹಾಕಿಸಿಕೊಂಡರೆಂದ ಮೇಲೆ ಪ್ರಜೆಗಳ ಭಯ ತಗ್ಗುವುದು ಸಹಜ. ಅಂದು ಆರಂಭವಾದ ಕೆಲಸ ಮುಗಿಯಲು ನೂರೆಪ್ಪತ್ತು ವರ್ಷಗಳಿಗೂ ಮೇಲೆ ಹಿಡಿಯಿತು. 1980ರಲ್ಲಿ ಮೈಲಿಬೇನೆ ಭೂಮಿಯಿಂದಲೇ ಅಳಿಯಿತೆಂದು ವಿಶ್ವ ಆರೋಗ್ಯ ಸಂಸ್ಥೆ ಘೋಷಿಸಿತು.

ಇಲ್ಲಿ ಒಂದು ಪ್ರಶ್ನೆ ಹುಟ್ಟುತ್ತದೆ. ಮೈಲಿಬೇನೆಗೆ 1796ರಲ್ಲೇ ಲಸಿಕೆ ದೊರೆತಿರಲು, ಮಲೇರಿಯಾಕ್ಕೆ ವಿಶ್ವ ಆರೋಗ್ಯ ಸಂಸ್ಥೆ ಮೊದಲನೆಯ ಲಸಿಕೆಯನ್ನು ಶಿಫಾರಸು ಮಾಡಿದುದು 2021ರ ಅಕ್ಟೋಬರಿನಲ್ಲಿ. ನಡುವೆ ಎರಡೂಕಾಲು ಶತಮಾನ! ಇಷ್ಟು ತಡವೇಕೆ? ವಿಜ್ಞಾನಿಗಳ ಆಲಸ್ಯವೇ? ಹಣದ ಅಭಾವವೇ? ಬಡವರ ರೋಗವೆಂಬ ಔದಾಸೀನ್ಯವೇ? ಔದಾಸೀನ್ಯದ ಪಾಲು ಇಲ್ಲವೆನ್ನಲಾಗದು. ಆದರೆ ಮುಖ್ಯ ಕಾರಣ ರೋಗಾಣುವಿನ ಸ್ವಭಾವದಲ್ಲಿಯೇ ಇದೆ.

ಮೂರು ಅಂಕಗಳ ನಾಟಕ

ಮೈಲಿಬೇನೆಯನ್ನು ತರುತ್ತಿದ್ದುದು ಒಂದು ವೈರಸ್. ಅದರ ವಂಶವಾಹಿಗಳು, ಎಂದರೆ ಅದರ ದೇಹರಚನೆಯ ಸೂತ್ರಗಳು, ಸುಮಾರು ಇನ್ನೂರು. ಮಲೇರಿಯಾವನ್ನು ತರುವ ‘ಪ್ಲಾಸ್ಮೋಡಿಯಂ’ ಎಂಬುದಾದರೋ ಪರೋಪಜೀವಿ. ಅದೊಂದು ಪೂರ್ಣಪ್ರಮಾಣದ ಜೀವಿ. ಒಂದೇ ಕೋಶದ ಪ್ರಾಣಿಯಾದರೂ ಅದರ ವಂಶವಾಹಿಗಳು ಐದು ಸಾವಿರಕ್ಕೂ ಹೆಚ್ಚು. ನಮ್ಮ ದೇಹದೊಳಗೆ ಅದು ಒಂದೇ ರೂಪದಲ್ಲಿ ಇರುವುದಿಲ್ಲ. ನಾಟಕದ ಕಂಪನಿಯ ಚತುರ ನಟನಂತೆ ಅಂಕ ಅಂಕಕ್ಕೂ ವೇಷ ಬದಲಿಸುತ್ತದೆ.

ಮೊದಲನೆಯ ಅಂಕ ಚರ್ಮದ ಮೇಲೆ. ಹೆಣ್ಣು ಅನಾಫಿಲಿಸ್ ಕಚ್ಚುವಾಗ ಅದರ ಜೊಲ್ಲಿನೊಡನೆ ದಾರದ ತುಣುಕಿನಂಥ ಕೆಲವು ಹತ್ತು ಕಣಗಳು ಮೈಯೊಳಕ್ಕೆ ಇಳಿಯುತ್ತವೆ. ಇವಕ್ಕೆ ಸ್ಪೋರೊಜಾಯಿಟ್ ಎಂದು ಹೆಸರು. ಅವು ರಕ್ತನಾಳವನ್ನು ಹುಡುಕಿಕೊಂಡು ಕೆಲವೇ ತಾಸುಗಳೊಳಗೆ ಪಿತ್ತಜನಕಾಂಗವನ್ನು ಸೇರುತ್ತವೆ. ಎರಡನೆಯ ಅಂಕ ನಡೆಯುವುದು ಅಲ್ಲಿ. ಒಂದೊಂದು ಕಣವೂ ಪಿತ್ತಜನಕಾಂಗದ ಒಂದೊಂದು ಜೀವಕೋಶವನ್ನು ಹೊಕ್ಕು, ರೋಗಿಗೆ ಯಾವ ಸೂಚನೆಯನ್ನೂ ಕೊಡದೆ, ಒಂದು ವಾರದಲ್ಲಿ ಸಾವಿರಾರು ಮರಿಗಳಾಗುತ್ತದೆ. ಆಮೇಲೆ ಕೋಶ ಒಡೆದು ಆ ಸಂತಾನವೆಲ್ಲ ರಕ್ತಕ್ಕೆ ನುಗ್ಗುತ್ತದೆ. ಮೂರನೆಯ ಅಂಕ ಕೆಂಪು ರಕ್ತಕಣಗಳಲ್ಲಿ. ಕಣವನ್ನು ಹೊಕ್ಕು, ತಿಂದು, ಬೆಳೆದು, ಒಡೆದು ಹೊರಬಂದು ಮತ್ತೊಂದು ಕಣವನ್ನು ಹೊಗುವ ಈ ಆವೃತ್ತಿ ಎರಡು ದಿನಕ್ಕೊಮ್ಮೆ ನಡೆಯುತ್ತದೆ. ಕಣಗಳು ಒಡೆಯುವ ಹೊತ್ತಿಗೆ ಹಲ್ಲು ಕಟಕಟಿಸುವ ಚಳಿ, ಆಮೇಲೆ ಸುಡುವ ಜ್ವರ, ಕೊನೆಗೆ ಬೆವರು. ನಮ್ಮ ಹಿರಿಯರು ‘ಚಳಿಜ್ವರ’ ಎಂದದ್ದು ಇದನ್ನೇ. ವರ್ಷಗಟ್ಟಲೆ ನರಳಿದವರ ಗುಲ್ಮ ಊದಿಕೊಂಡು ಹೊಟ್ಟೆಯ ಎಡಭಾಗದಲ್ಲಿ ಕೈಗೆ ಸಿಕ್ಕುತ್ತಿತ್ತು. ಅದೇ ಮಲೆನಾಡಿನ ಜನ ಕಂಡು ಮರುಗಿದ ‘ಜ್ವರಗಡ್ಡೆ’.

ಶತ್ರುವೊಬ್ಬನೇ ಮೂರು ವೇಷದಲ್ಲಿ ಬಂದರೆ, ಒಂದು ವೇಷವನ್ನು ಕಂಡ ಕಾವಲುಗಾರನಿಗೆ ಇನ್ನೊಂದರ ಗುರುತು ಸಿಕ್ಕದು. ಸಾಲದುದಕ್ಕೆ, ಮೂರನೆಯ ಅಂಕದಲ್ಲಿ ಫಾಲ್ಸಿಪಾರಂ ಎಂಬ ಘಾತುಕ ಬಗೆಯ ಪರೋಪಜೀವಿಯ ಪೆಟ್ಟಿಗೆಯಲ್ಲಿ ಸುಮಾರು ಅರುವತ್ತು ಉಡುಪುಗಳಿವೆ. ಒಂದನ್ನು ದೇಹ ಗುರುತಿಸುವಷ್ಟರಲ್ಲಿ ಅದು ಮತ್ತೊಂದನ್ನು ತೊಟ್ಟಿರುತ್ತದೆ. ಮೈಲಿಬೇನೆ ಒಮ್ಮೆ ಬಂದು ಬದುಕಿದವನಿಗೆ ಮತ್ತೆ ಬರುತ್ತಿರಲಿಲ್ಲ. ಮಲೇರಿಯಾ ಹತ್ತು ಸಲ ಬಂದವನಿಗೂ ಹನ್ನೊಂದನೆಯ ಸಲ ಬರಬಹುದು. ಪ್ರಕೃತಿಯೇ ಪೂರ್ಣ ರಕ್ಷಣೆಯನ್ನು ಕೊಡದ ಕಡೆ ಮನುಷ್ಯನು ಲಸಿಕೆಯಿಂದ ಅದನ್ನು ಪಡೆಯಬೇಕು. ತೊಡಕು ಇರುವುದು ಇಲ್ಲಿ.

ದೇಹದ ಕಾವಲುಗಾರರು

ಇನ್ನು ನಮ್ಮ ಕಡೆಯ ಸೈನ್ಯವನ್ನು ನೋಡೋಣ. ಬಿಳಿಯ ರಕ್ತಕಣಗಳಲ್ಲಿ ಅನೇಕ ದಳಗಳಿವೆ. ‘ಬಿ’ ಎಂಬ ದಳದ ಕಣಗಳು ಪ್ರತಿಕಾಯಗಳೆಂಬ ವಸ್ತುವನ್ನು ತಯಾರಿಸಿ ರಕ್ತದಲ್ಲಿ ಹರಿಯಬಿಡುತ್ತವೆ. ಪ್ರತಿಕಾಯವು ಬಯಲಿನಲ್ಲಿ ಓಡಾಡುವ ಶತ್ರುವನ್ನು ಹಿಡಿಯಬಲ್ಲುದು. ಮನೆಯೊಳಗೆ ನುಗ್ಗಿ ಬಾಗಿಲು ಹಾಕಿಕೊಂಡವನನ್ನು ಹಿಡಿಯಲಾರದು. ಅದಕ್ಕೆ ‘ಟಿ’ ಎಂಬ ಇನ್ನೊಂದು ದಳವಿದೆ. ಎದೆಯೊಳಗಿನ ಥೈಮಸ್ ಗ್ರಂಥಿಯಲ್ಲಿ ಶಿಕ್ಷಣ ಪಡೆದು ಹೊರಬೀಳುವುದರಿಂದ ಅವಕ್ಕೆ ಈ ಹೆಸರು. ಇವುಗಳಲ್ಲಿ ಕೆಲವು ಸಹಾಯಕ ಕಣಗಳು; ಇತರ ದಳಗಳಿಗೆ ಹುರುಪು ತುಂಬುವುದು ಅವುಗಳ ಕೆಲಸ. ಇನ್ನು ಕೆಲವು ಸಂಹಾರಕ ಕಣಗಳು. ರೋಗಾಣು ಹೊಕ್ಕ ಜೀವಕೋಶವನ್ನು ರೋಗಾಣುವಿನೊಡನೆಯೇ ನಾಶಮಾಡುವುವು.

ರೋಗಾಣು ಒಳಗಿದೆಯೆಂದು ಸಂಹಾರಕ ಕಣಕ್ಕೆ ತಿಳಿಯುವುದೆಂತು? ನಮ್ಮ ದೇಹದ ಪ್ರತಿಯೊಂದು ಜೀವಕೋಶವೂ, ತನ್ನೊಳಗೆ ತಯಾರಾಗುತ್ತಿರುವ ವಸ್ತುಗಳ ಸಣ್ಣ ಸಣ್ಣ ಚೂರುಗಳನ್ನು ಹೊರಮೈಯ ಮೇಲೆ ತೋರಿಸಿಕೊಂಡಿರುತ್ತದೆ. ಅಡುಗೆಮನೆಯಲ್ಲಿ ಬೇಯುತ್ತಿರುವುದರ ಒಂದು ಚಮಚವನ್ನು ಜಗಲಿಯ ಮೇಲೆ ಇಟ್ಟಂತೆ! ಗಸ್ತು ತಿರುಗುವ ಟಿ ಕಣ ಪ್ರತಿ ಜಗಲಿಯನ್ನೂ ತಡವಿ ನೋಡುತ್ತದೆ. ಮನೆಯವರ ಅಡುಗೆಯಾದರೆ ಮುಂದೆ ನಡೆಯುತ್ತದೆ. ಪರಕೀಯ ಪದಾರ್ಥವಿದ್ದರೆ ಆ ಮನೆಗೆ ಗತಿಯಿಲ್ಲ.

ಮಲೇರಿಯಾದ ಜಾಣತನ ಈಗ ಅರ್ಥವಾಗುತ್ತದೆ. ಬೆಳೆದ ಕೆಂಪು ರಕ್ತಕಣಕ್ಕೆ ಕೋಶಕೇಂದ್ರವೂ ಇಲ್ಲ, ಜಗಲಿಯೂ ಇಲ್ಲ. ಪ್ರಾಣವಾಯುವನ್ನು ಹೊರುವ ಚೀಲವಷ್ಟೆ ಅದು. ಅದರೊಳಗೆ ಅಡಗಿದ ಪರೋಪಜೀವಿಯನ್ನು ಸಂಹಾರಕ ಟಿ ಕಣ ಕಾಣಲಾರದು. ಆದರೆ ಪಿತ್ತಜನಕಾಂಗದ ಕೋಶಕ್ಕೆ ಜಗಲಿಯಿದೆ. ಆ ಒಂದು ವಾರದ ಅವಧಿಯಲ್ಲಿ ಶತ್ರು ಸಿಕ್ಕಿಬೀಳುವ ಸಂಭವವಿದೆ. ಅಲ್ಲಿಯೂ ಕೆಲಸ ಸುಲಭವಲ್ಲ. ಕೋಟಿಗಟ್ಟಲೆ ಕೋಶಗಳ ನಡುವೆ ರೋಗಾಣು ಹೊಕ್ಕಿರುವುದು ಬೆರಳೆಣಿಕೆಯಷ್ಟರಲ್ಲಿ ಮಾತ್ರ. ಹಳೆಯ ನೆನಪುಳ್ಳ ಟಿ ಕಣಗಳು ಎಚ್ಚತ್ತು, ವೃದ್ಧಿಯಾಗಿ, ದೂರದಿಂದ ಬಂದು ಸೇರಲು ದಿನಗಳು ಬೇಕು. ಅಷ್ಟರಲ್ಲಿ ಎರಡನೆಯ ಅಂಕದ ಪರದೆ ಬಿದ್ದಿರುತ್ತದೆ. ಆದುದರಿಂದ ಕಾವಲುಗಾರರು ಮೊದಲೇ ಪಿತ್ತಜನಕಾಂಗದಲ್ಲಿ, ಅದೂ ದೊಡ್ಡ ಸಂಖ್ಯೆಯಲ್ಲಿ, ಠಾಣೆ ಹೂಡಿಕೊಂಡಿರಬೇಕು.

ಕಚ್ಚಿಸಿಕೊಂಡ ಸಾಹಸಿಗಳು

ಇದು ಸಾಧ್ಯವೆಂಬ ಮೊದಲ ಬೆಳಕು ಕಂಡದ್ದು 1967ರಲ್ಲಿ. ನ್ಯೂಯಾರ್ಕಿನಲ್ಲಿ ರೂತ್ ನುಸ್ಸೆನ್ಸ್‌ವೈಗ್ ಎಂಬ ವಿದುಷಿಯೂ ಅವರ ಸಂಗಡಿಗರೂ ಸೊಳ್ಳೆಯೊಳಗಿನ ಸ್ಪೋರೊಜಾಯಿಟ್‌ಗಳನ್ನು ಎಕ್ಸ್-ಕಿರಣದಿಂದ ದುರ್ಬಲಗೊಳಿಸಿ ಇಲಿಗಳಿಗೆ ಚುಚ್ಚಿದರು. ಕಿರಣ ತಗಲಿದ ಕಣ ಸಾಯದು. ಪಿತ್ತಜನಕಾಂಗದವರೆಗೂ ಹೋಗುತ್ತದೆ, ಕೋಶವನ್ನೂ ಹೊಗುತ್ತದೆ, ಆದರೆ ವೃದ್ಧಿಯಾಗಲಾರದು. ಹಲ್ಲು ಕಿತ್ತ ಹಾವು! ಅದನ್ನು ಕಂಡು ಅಭ್ಯಾಸವಾದ ಇಲಿಗಳಿಗೆ ಆಮೇಲೆ ನಿಜವಾದ ರೋಗಾಣುವನ್ನು ಕೊಟ್ಟಾಗ ಬಹುಪಾಲಿನವಕ್ಕೆ ರೋಗ ಬರಲಿಲ್ಲ.

ಮನುಷ್ಯರ ಮೇಲೆ ಇದನ್ನು ಪರೀಕ್ಷಿಸಿದುದು 1970ರ ದಶಕದ ಆರಂಭದಲ್ಲಿ ಅಮೆರಿಕದ ಮೇರಿಲ್ಯಾಂಡಿನಲ್ಲಿ. ಸ್ವಯಂಸೇವಕರು ಕಿರಣ ಹಾಯಿಸಿದ ಸೊಳ್ಳೆಗಳಿಂದ ನೂರಾರು ಸಲ ಕಚ್ಚಿಸಿಕೊಂಡರು. ಸಾವಿರಕ್ಕೂ ಮಿಕ್ಕ ಕಡಿತಗಳಾದರೆ ಹದಿನಾಲ್ವರಲ್ಲಿ ಹದಿಮೂವರಿಗೆ ರಕ್ಷಣೆ ದೊರೆಯುತ್ತದೆಂದು 2002ರ ವೇಳೆಗೆ ಲೆಕ್ಕ ಸಿಕ್ಕಿತು. ಲಸಿಕೆ ದೊರೆಯಿತೇನೋ ನಿಜ. ಆದರೆ ಎಳೆಯ ಕೂಸಿಗೆ ಸಾವಿರ ಸೊಳ್ಳೆ ಕಚ್ಚಿಸಲು ಯಾವ ತಾಯಿ ಒಪ್ಪಿಯಾಳು?

ಸ್ಟೀಫೆನ್ಸಿ ಸೊಳ್ಳೆಯ ಉಪಯೋಗ ಇಲ್ಲಿ ಬಂತು. ಪ್ರಯೋಗಶಾಲೆಯ ಪಂಜರದಲ್ಲಿ ಸಾಕಲು ಒಗ್ಗುವ ಸೊಳ್ಳೆಗಳಲ್ಲಿ ಇದು ಒಂದು. ಮೇರಿಲ್ಯಾಂಡಿನ ಸನಾರಿಯಾ ಎಂಬ ಸಂಸ್ಥೆಯವರು ಈ ಸೊಳ್ಳೆಗಳನ್ನು ಅತ್ಯಂತ ಶುದ್ಧವಾದ ಪರಿಸರದಲ್ಲಿ ಸಾಕಿ, ಅವಕ್ಕೆ ರೋಗಾಣುವನ್ನು ಉಣಿಸಿ, ಕಿರಣ ಹಾಯಿಸಿ, ಒಂದೊಂದರ ಜೊಲ್ಲುಗ್ರಂಥಿಯನ್ನೂ ಬಿಡಿಸಿ ತೆಗೆದು ಅದರಿಂದ ಚುಚ್ಚುಮದ್ದನ್ನು ಸಿದ್ಧಪಡಿಸಿದರು. 2013ರಲ್ಲಿ ಪ್ರಕಟವಾದ ಪರೀಕ್ಷೆಯಲ್ಲಿ ಇದನ್ನು ರಕ್ತನಾಳಕ್ಕೆ ನೇರವಾಗಿ ಐದು ಸಲ ಪಡೆದ ಆರು ಮಂದಿಯಲ್ಲಿ ಆರು ಮಂದಿಗೂ ರೋಗ ತಗಲಲಿಲ್ಲ. ಟಿ ಕಣಗಳ ಬಲವನ್ನು ತೋರಿಸಿದ ಪರೀಕ್ಷೆ ಇದು. ಆದರೂ ದ್ರವ ನೈಟ್ರೋಜನ್ನಿನ ಶೀತದಲ್ಲಿ ಇಟ್ಟಿರಬೇಕಾದ, ರಕ್ತನಾಳಕ್ಕೇ ಕೊಡಬೇಕಾದ ಮದ್ದನ್ನು ಕುಗ್ರಾಮದ ಮಗುವಿಗೆ ತಲುಪಿಸುವುದು ಕಷ್ಟಸಾಧ್ಯ.

ಅಂಟುವಾಳದ ಬಂಧು

ಬೇರೊಂದು ದಾರಿ ಹಿಡಿದವರು ಇಡೀ ರೋಗಾಣುವನ್ನು ಬಿಟ್ಟು ಅದರ ಮೇಲಂಗಿಯ ಒಂದು ತುಂಡನ್ನು ಮಾತ್ರ ತೆಗೆದುಕೊಂಡರು. ಸ್ಪೋರೊಜಾಯಿಟ್‌ನ ಮೈತುಂಬ ಒಂದೇ ಬಗೆಯ ಪ್ರೋಟೀನು ಹೊದಿಸಿದೆ. ಅದರ ಒಂದು ಭಾಗವನ್ನು, ಕಾಮಾಲೆ ರೋಗದ ‘ಬಿ’ ವೈರಸ್ಸಿನ ಮೇಲಂಗಿಗೆ ಹೊಲಿದು, ಯೀಸ್ಟಿನಲ್ಲಿ ಬೆಳೆಸಿದರು. 1980ರ ದಶಕದಲ್ಲಿ ಆರಂಭವಾದ ಈ ಕೆಲಸದ ಫಲವೇ ‘ಆರ್‌ಟಿಎಸ್, ಎಸ್’ ಎಂಬ ಲಸಿಕೆ. ಹೆಸರಿನ ನಡುವಿನ ‘ಟಿ’ ಅಕ್ಷರ ಟಿ ಕಣಗಳನ್ನು ಕೆರಳಿಸುವ ಭಾಗವನ್ನು ಸೂಚಿಸುತ್ತದೆ.

ಒಂದು ತುಂಡು ಮೇಲಂಗಿಯನ್ನು ಕಂಡು ದೇಹದ ಸೈನ್ಯ ಹೆಚ್ಚೇನೂ ಕದಲದು. ಅದನ್ನು ಎಬ್ಬಿಸಲು ಲಸಿಕೆಯೊಡನೆ ಉತ್ತೇಜಕವೊಂದನ್ನು ಬೆರೆಸಬೇಕು. ಆ ಉತ್ತೇಜಕ ಬಂದದ್ದು ದಕ್ಷಿಣ ಅಮೆರಿಕದ ಚಿಲಿ ದೇಶದ ಒಂದು ಮರದ ತೊಗಟೆಯಿಂದ. ನೀರಿನಲ್ಲಿ ಉಜ್ಜಿದರೆ ನೊರೆ ಬರುವ ತೊಗಟೆ ಅದು; ಅಲ್ಲಿಯ ಜನ ಸಾಬೂನಿನಂತೆ ಬಳಸುತ್ತಿದ್ದರು. ನಮ್ಮ ಅಜ್ಜಿಯಂದಿರು ರೇಷ್ಮೆ ಸೀರೆ ಒಗೆಯಲು ಅಂಟುವಾಳ ನೆನೆಹಾಕುತ್ತಿದ್ದರಲ್ಲವೆ? ಆ ಕಾಯಿಯಲ್ಲಿ ನೊರೆ ಕೊಡುವ ವಸ್ತುವಿನ ವರ್ಗವೇ ಈ ತೊಗಟೆಯಲ್ಲಿಯೂ ಇರುವುದು. ಹಾಗೆಂದು ಅಂಟುವಾಳ ಕುಡಿದರೆ ಜ್ವರ ಬಾರದೆಂದು ಯಾರೂ ಭಾವಿಸಕೂಡದು!

ಈ ಲಸಿಕೆಯನ್ನು 2009ರಿಂದ 2014ರವರೆಗೆ ಆಫ್ರಿಕದ ಏಳು ದೇಶಗಳಲ್ಲಿ 15,459 ಮಕ್ಕಳ ಮೇಲೆ ಪರೀಕ್ಷಿಸಲಾಯಿತು. ಐದರಿಂದ ಹದಿನೇಳು ತಿಂಗಳ ವಯಸ್ಸಿನಲ್ಲಿ ಆರಂಭಿಸಿ ನಾಲ್ಕು ಸಲ ಹಾಕಿಸಿಕೊಂಡ ಮಕ್ಕಳಲ್ಲಿ, ನಾಲ್ಕು ವರ್ಷಗಳ ಅವಧಿಯಲ್ಲಿ ರೋಗದ ಪ್ರಕರಣಗಳು ಶೇಕಡ 36ರಷ್ಟು ತಗ್ಗಿದವು. ಬಳಿಕ ಆಕ್ಸ್‌ಫರ್ಡ್ ವಿಶ್ವವಿದ್ಯಾನಿಲಯದವರು ಇದೇ ಜಾಡಿನಲ್ಲಿ ‘ಆರ್21’ ಎಂಬ ಲಸಿಕೆಯನ್ನು ರೂಪಿಸಿದರು. ಅದನ್ನು ತಯಾರಿಸುತ್ತಿರುವುದು ನಮ್ಮ ಪುಣೆಯ ಸೀರಂ ಇನ್‌ಸ್ಟಿಟ್ಯೂಟ್. ಮಳೆಗಾಲದಲ್ಲಿ ಮಾತ್ರ ರೋಗ ಹಬ್ಬುವ ಊರುಗಳಲ್ಲಿ, ಮಳೆಗೆ ಮೊದಲು ಹಾಕಿಸಿದಾಗ, ಮೊದಲ ವರ್ಷ ಶೇಕಡ 75ರಷ್ಟು ರಕ್ಷಣೆ ದೊರೆಯಿತು. 2023ರ ಅಕ್ಟೋಬರಿನಲ್ಲಿ ವಿಶ್ವ ಆರೋಗ್ಯ ಸಂಸ್ಥೆ ಇದಕ್ಕೂ ಶಿಫಾರಸು ನೀಡಿತು.

ಶೇಕಡ 36 ಎಂಬುದನ್ನು ಕೇಳಿ ಮೂಗು ಮುರಿಯುವವರುಂಟು. ಪರೀಕ್ಷೆಯಲ್ಲಿ ಮೂವತ್ತಾರು ಅಂಕ ತೆಗೆದ ಹುಡುಗನ ನೆನಪು ಅವರಿಗೆ ಬರಬಹುದು. ಆದರೆ ಈ ಲೆಕ್ಕವೇ ಬೇರೆ. 2023ರ ಒಂದೇ ವರ್ಷದಲ್ಲಿ ಲೋಕದಲ್ಲಿ ಸುಮಾರು 26 ಕೋಟಿ 30 ಲಕ್ಷ ಮಲೇರಿಯಾ ಪ್ರಕರಣಗಳೂ 5 ಲಕ್ಷ 97 ಸಾವಿರ ಮರಣಗಳೂ ಆದುವೆಂದು ಅಂದಾಜು. ಸತ್ತವರಲ್ಲಿ ಹೆಚ್ಚಿನವರು ಆಫ್ರಿಕದ, ಐದು ವರ್ಷ ತುಂಬದ ಕೂಸುಗಳು. 2019ರಿಂದ ಘಾನಾ, ಕೀನ್ಯಾ, ಮಲಾವಿ ದೇಶಗಳಲ್ಲಿ ಮೊದಲ ಲಸಿಕೆಯನ್ನು ಊರೂರಿಗೆ ಕೊಟ್ಟು ನೋಡಿದಾಗ, ಅರ್ಹ ವಯಸ್ಸಿನ ಮಕ್ಕಳ ಒಟ್ಟು ಮರಣದಲ್ಲಿ ಶೇಕಡ 13ರ ಇಳಿಕೆ ಕಂಡಿತು. ನೂರು ಮನೆಗಳಲ್ಲಿ ತೊಟ್ಟಿಲು ಬರಿದಾಗಬೇಕಿದ್ದ ಕಡೆ ಹದಿಮೂರು ಮನೆಗಳ ತೊಟ್ಟಿಲು ತೂಗುತ್ತಲೇ ಉಳಿದಿದೆ. ತಾಯಂದಿರು ಈ ಅಂಕವನ್ನು ಕಡಿಮೆಯೆನ್ನಲಾರರು.

ಆದರೂ ನ್ಯೂನತೆಯನ್ನು ಮರೆಮಾಚಬಾರದು. ಈ ಎರಡು ಲಸಿಕೆಗಳೂ ಮುಖ್ಯವಾಗಿ ಪ್ರತಿಕಾಯಗಳನ್ನೇ ಎಬ್ಬಿಸುತ್ತವೆ. ಪ್ರತಿಕಾಯದ ಮಟ್ಟ ತಿಂಗಳುಗಳು ಕಳೆದಂತೆ ಇಳಿಯುತ್ತದೆ. ಒಂದೇ ಒಂದು ಸ್ಪೋರೊಜಾಯಿಟ್ ಕಣ್ತಪ್ಪಿಸಿಕೊಂಡು ಪಿತ್ತಜನಕಾಂಗವನ್ನು ಸೇರಿದರೂ ರೋಗಕ್ಕೆ ಸಾಕು. ಆದಕಾರಣ ಪಿತ್ತಜನಕಾಂಗದಲ್ಲೇ ಬಿಡಾರ ಹೂಡುವ ಟಿ ಕಣಗಳನ್ನು ಬೆಳೆಸುವತ್ತ ಈಗ ಸಂಶೋಧಕರ ದೃಷ್ಟಿ ತಿರುಗಿದೆ. ನ್ಯೂಜಿಲೆಂಡ್ ಮತ್ತು ಆಸ್ಟ್ರೇಲಿಯದ ವಿಜ್ಞಾನಿಗಳು ಅಂಥ ಒಂದು ಲಸಿಕೆ ಇಲಿಗಳಲ್ಲಿ ಫಲಿಸಿತೆಂದು 2023ರಲ್ಲಿ ವರದಿ ಮಾಡಿದರು. ಇಲಿಯಿಂದ ಮನುಷ್ಯನವರೆಗಿನ ದಾರಿ ದೂರ.

ಹಟ್ಟಿಯಲ್ಲಿ ಸಂದ ಜಯ

ಟಿ ಕಣಗಳನ್ನು ನಂಬಿ ಪರೋಪಜೀವಿಯನ್ನು ಗೆಲ್ಲಬಹುದೇ ಎಂಬ ಸಂದೇಹವುಳ್ಳವರು ಒಮ್ಮೆ ದನದ ಹಟ್ಟಿಯತ್ತ ನೋಡಬೇಕು. ನಮಗೆ ಹಾಲು ಕೊಡುವ ಹೊಲ್‌ಸ್ಟೀನ್, ಜರ್ಸಿ ಮಿಶ್ರತಳಿಯ ಹಸುಗಳಿಗೆ ಉಣ್ಣೆಯ ಕಡಿತದಿಂದ ಬರುವ ಥೈಲೀರಿಯಾ ಎಂಬ ರೋಗವಿದೆ. ಬಲವಾದ ಜ್ವರ, ಊದಿದ ಗ್ರಂಥಿಗಳು, ರಕ್ತಹೀನತೆ. ಚಿಕಿತ್ಸೆ ತಡವಾದರೆ ಮರಣ. ದೇಶೀ ತಳಿಗಳು ಇದನ್ನು ಒಂದಷ್ಟು ಸಹಿಸುತ್ತವೆ, ಮಿಶ್ರತಳಿಗಳಿಗೆ ಆ ಶಕ್ತಿ ಕಡಿಮೆ. ಈ ಪರೋಪಜೀವಿಯ ದಿಟ್ಟತನ ನೋಡಿ: ಅದು ಮನೆ ಮಾಡುವುದು ಹಸುವಿನ ಬಿಳಿಯ ರಕ್ತಕಣಗಳೊಳಗೇ. ಕಾವಲುಗಾರನ ಮನೆಯಲ್ಲೇ ಕಳ್ಳನ ವಾಸ! ಅಷ್ಟೇ ಅಲ್ಲ, ಆ ಕಣಗಳು ಎಡೆಬಿಡದೆ ವೃದ್ಧಿಯಾಗುವಂತೆಯೂ ಮಾಡುತ್ತದೆ.

ವಿಜ್ಞಾನಿಗಳು ಅದರ ಈ ಗುಣವನ್ನೇ ಉಪಯೋಗಿಸಿಕೊಂಡರು. ರೋಗಾಣು ಹೊಕ್ಕ ಬಿಳಿಯ ಕಣಗಳನ್ನು ಗಾಜಿನ ಪಾತ್ರೆಯಲ್ಲಿ ದೀರ್ಘಕಾಲ ಬೆಳೆಸುತ್ತ ಬಂದರೆ ರೋಗಾಣು ತನ್ನ ಉಗ್ರತೆಯನ್ನು ಕಳೆದುಕೊಳ್ಳುತ್ತದೆ. ಅಂಥ ಕಣಗಳನ್ನೇ ಹಸುವಿಗೆ ಚುಚ್ಚಿದರೆ, ಅದರ ಟಿ ಕಣಗಳು ಶತ್ರುವಿನ ಗುರುತನ್ನು ಕಲಿತು ಮುಂದೆ ನಿಜವಾದ ರೋಗ ಬಂದಾಗ ರೋಗಗ್ರಸ್ತ ಕಣಗಳನ್ನು ಸಂಹರಿಸುತ್ತವೆ. ಹೈದರಾಬಾದಿನ ಇಂಡಿಯನ್ ಇಮ್ಯುನಲಾಜಿಕಲ್ಸ್ ಸಂಸ್ಥೆ ‘ರಕ್ಷಾವ್ಯಾಕ್-ಟಿ’ ಎಂಬ ಹೆಸರಿನಲ್ಲಿ ಇಂಥ ಲಸಿಕೆಯನ್ನು ತಯಾರಿಸಿದೆ. ಇದನ್ನೂ ದ್ರವ ನೈಟ್ರೋಜನ್ನಿನಲ್ಲೇ ಇಟ್ಟಿರಬೇಕು. ಆದರೆ ಹಸುವಿನ ಕೃತಕ ಗರ್ಭಧಾರಣೆಗೆ ಅಂಥ ಶೀತಪಾತ್ರೆಯನ್ನು ಹಳ್ಳಿಗೆ ಒಯ್ಯುವುದು ನಮ್ಮ ಪಶುವೈದ್ಯರಿಗೆ ಅಭ್ಯಾಸವಾದ ಸಂಗತಿ. ಮನುಷ್ಯರ ಪಾಲಿಗೆ ದುಸ್ತರವಾದ ದಾರಿ ಹಸುವಿನ ಪಾಲಿಗೆ ತೆರೆದಿತ್ತು.

ಮೈಸೂರಿನ ಮನೆಗಳಿಗೆ ಸಂಬಂಧಿಸಿದ ಮಾತು

ಹಾಗಾದರೆ ನಮ್ಮ ಮಕ್ಕಳಿಗೂ ಮಲೇರಿಯಾ ಲಸಿಕೆ ಹಾಕಿಸಬೇಕೆ? ಈಗಿರುವ ಎರಡು ಲಸಿಕೆಗಳೂ ಫಾಲ್ಸಿಪಾರಂ ಎಂಬ ಬಗೆಗೆ ಮಾತ್ರ. ಕರ್ನಾಟಕದಲ್ಲಿ ಹೆಚ್ಚಾಗಿ ಕಾಣುವುದು ವೈವ್ಯಾಕ್ಸ್ ಎಂಬ ಬಗೆ; ಅದಕ್ಕೆ ಬಳಕೆಗೆ ಬಂದ ಲಸಿಕೆ ಇನ್ನೂ ಇಲ್ಲ. ಆದುದರಿಂದ ನಗರದ ತಾಯಿತಂದೆಗಳು ಈ ಲಸಿಕೆಗಾಗಿ ಔಷಧಾಲಯಗಳನ್ನು ಅಲೆಯಬೇಕಾದ ಪ್ರಮೇಯವಿಲ್ಲ. ಮಾಡಬೇಕಾದ ಬೇರೆ ಕೆಲಸವಿದೆ.

ವೈವ್ಯಾಕ್ಸ್‌ಗೆ ಒಂದು ದುರ್ಗುಣವಿದೆ. ಅದರ ಕೆಲವು ಕಣಗಳು ಪಿತ್ತಜನಕಾಂಗದಲ್ಲಿ ತಿಂಗಳುಗಟ್ಟಲೆ ನಿದ್ರಿಸಿ, ಸೊಳ್ಳೆ ಕಚ್ಚದೆಯೇ ಮತ್ತೆ ಎದ್ದು ಜ್ವರ ತರುತ್ತವೆ. ಈ ನಿದ್ರಿತ ಕಣಗಳನ್ನು ಕೊಲ್ಲಲು ವೈದ್ಯರು ಪ್ರೈಮಾಕ್ವಿನ್ ಗುಳಿಗೆಯನ್ನು ಹದಿನಾಲ್ಕು ದಿನ ಕೊಡುತ್ತಾರೆ. ಜ್ವರ ಮೂರನೆಯ ದಿನಕ್ಕೇ ಬಿಟ್ಟಿತೆಂದು ಗುಳಿಗೆಯನ್ನು ನಿಲ್ಲಿಸುವವರು ಬಹಳ. ಇದು ತಪ್ಪು. ಗರ್ಭಿಣಿಯರಿಗೂ ಕೂಸುಗಳಿಗೂ ಕೆಲವು ಬಗೆಯ ರಕ್ತದೋಷವುಳ್ಳವರಿಗೂ ಈ ಗುಳಿಗೆ ಸಲ್ಲದು. ವೈದ್ಯರ ಅಪ್ಪಣೆಯಿಲ್ಲದೆ ಯಾರೂ ತೆಗೆದುಕೊಳ್ಳಬಾರದು. ಅವರು ಬರೆದುಕೊಟ್ಟ ಮೇಲೆ ನಡುವೆ ಬಿಡಲೂ ಬಾರದು.

ಇನ್ನೊಂದು ಎಚ್ಚರಿಕೆಯನ್ನು ನಮ್ಮ ನಾಡಿನ ಚರಿತ್ರೆಯೇ ಕೊಡುತ್ತದೆ. ಶ್ರೀರಂಗಪಟ್ಟಣದ ಜ್ವರದ ಕಾಟವನ್ನು ತಾಳಲಾರದೆ ಬ್ರಿಟಿಷರು 1809ರಲ್ಲಿ ತಮ್ಮ ದಂಡನ್ನು ಬೆಂಗಳೂರಿಗೆ ಸಾಗಿಸಿದರು. ಆ ಬೆಂಗಳೂರಿನಲ್ಲಿ 1883ರಲ್ಲಿ ರೊನಾಲ್ಡ್ ರಾಸ್ ಎಂಬ ಯುವಕ ವೈದ್ಯನು ತನ್ನ ಬಂಗಲೆಯ ಕಿಟಕಿಯ ಹೊರಗಿನ ನೀರಿನ ತೊಟ್ಟಿಯಲ್ಲಿ ಸೊಳ್ಳೆಮರಿಗಳನ್ನು ಕಂಡು ಅದನ್ನು ಬೋರಲು ಹಾಕಿಸಿದನು. ಸೊಳ್ಳೆಯ ಕಾಟ ತಗ್ಗಿತು. ಅದೇ ರಾಸ್ 1897ರ ಆಗಸ್ಟ್ 20ರಂದು ಸಿಕಂದರಾಬಾದಿನಲ್ಲಿ ಅನಾಫಿಲಿಸ್ ಸೊಳ್ಳೆಯ ಹೊಟ್ಟೆಯಲ್ಲಿ ಮಲೇರಿಯಾದ ರೋಗಾಣುವನ್ನು ಕಂಡುಹಿಡಿದು, 1902ರಲ್ಲಿ ನೊಬೆಲ್ ಪಾರಿತೋಷಕ ಪಡೆದನು. ನಾಗನಹಳ್ಳಿಯ ಕಾಲದಲ್ಲಿ ಬಿ. ಎ. ರಾವ್ ಅವರು 1928ರಲ್ಲಿ ಇಟಲಿಯಿಂದ ಗಂಬೂಸಿಯಾ ಎಂಬ ಸೊಳ್ಳೆಮರಿ ತಿನ್ನುವ ಮೀನನ್ನು ನಮ್ಮ ದೇಶಕ್ಕೆ ತಂದರು. ಆಮೇಲೆ ಡಿಡಿಟಿ ಬಂತು. ದೇಶದಲ್ಲಿ ವರ್ಷಕ್ಕೆ ಏಳೂವರೆ ಕೋಟಿ ಎಂದು ಅಂದಾಜು ಮಾಡಿದ್ದ ಪ್ರಕರಣಗಳು, 1953ರಲ್ಲಿ ಆರಂಭವಾದ ಕಾರ್ಯಕ್ರಮದಿಂದ, 1965ರ ವೇಳೆಗೆ ಸುಮಾರು ಒಂದು ಲಕ್ಷಕ್ಕೆ ಇಳಿದವು. ಗೆದ್ದೆವೆಂದು ಎಲ್ಲರೂ ಕೈತೊಳೆದುಕೊಂಡರು. 1976ರಲ್ಲಿ ಅದು ಮತ್ತೆ 64 ಲಕ್ಷಕ್ಕೆ ಏರಿತು. 1990ರ ದಶಕದಲ್ಲಿ ಮಂಗಳೂರಿನಲ್ಲಿ ಕಟ್ಟಡಗಳು ಏಳುತ್ತಿದ್ದಂತೆ, ಕ್ಯೂರಿಂಗಿಗೆ ನಿಲ್ಲಿಸಿದ ನೀರಿನಲ್ಲಿ ಸ್ಟೀಫೆನ್ಸಿ ಸೊಳ್ಳೆ ಬೆಳೆದು ನಗರವನ್ನೇ ಜ್ವರಕ್ಕೆ ಈಡುಮಾಡಿತು. ಮೊದಲು ನರಳಿದವರಲ್ಲಿ ದೂರದೂರದಿಂದ ಬಂದ ಕಟ್ಟಡ ಕೆಲಸಗಾರರೂ ಅವರ ಮಕ್ಕಳೂ ಇದ್ದರು. 2012ರಲ್ಲಿ ಇದೇ ಸೊಳ್ಳೆ ಕಡಲು ದಾಟಿ ಆಫ್ರಿಕದ ಜಿಬೂತಿ ಪಟ್ಟಣದಲ್ಲಿ ಕಾಣಿಸಿಕೊಂಡಿತು. ಅಲ್ಲಿಯವರೆಗೆ ಹಳ್ಳಿಯ ರೋಗವೆನಿಸಿದ್ದ ಮಲೇರಿಯಾಕ್ಕೆ ಪಟ್ಟಣದ ಬಾಗಿಲೂ ತೆರೆಯುವ ಭಯ ಅಲ್ಲಿಯವರಿಗೆ ಹುಟ್ಟಿದೆ.

ಹೀಗಿರಲು, ಲಸಿಕೆ ಬರುವ ತನಕ ಕಾದಿರುವುದು ವಿವೇಕವಲ್ಲ. ಲಸಿಕೆ ಬಂದ ಮೇಲೂ ತೊಟ್ಟಿಯ ಮುಚ್ಚಳವನ್ನು ತೆರೆದಿಡುವುದು ವಿವೇಕವಲ್ಲ. ಸೊಳ್ಳೆಯ ಮೊಟ್ಟೆ ಬಲಿತು ರೆಕ್ಕೆ ಬರುವುದಕ್ಕೆ ಒಂದು ವಾರಕ್ಕಿಂತ ಕೊಂಚ ಹೆಚ್ಚು ಕಾಲ ಬೇಕು. ಆದುದರಿಂದ ವಾರಕ್ಕೊಂದು ದಿನ, ಮನೆಯವರು ಅನುಕೂಲ ಕಂಡ ವಾರದಂದು, ಹಂಡೆ, ಬಾನಿ, ಹೂಕುಂಡದ ತಟ್ಟೆ, ಕೂಲರು ಇವುಗಳ ನೀರನ್ನು ಚೆಲ್ಲಿ ಉಜ್ಜಿ ಒಣಗಿಸಬೇಕು. ಸಂಪಿಗೂ ಮಾಳಿಗೆಯ ಟ್ಯಾಂಕಿಗೂ ಬಿಗಿಯಾದ ಮುಚ್ಚಳವಿರಬೇಕು. ಪಕ್ಕದ ನಿವೇಶನದಲ್ಲಿ ಮನೆ ಏಳುತ್ತಿದ್ದರೆ ಅಲ್ಲಿ ನಿಂತ ನೀರಿನ ಕಡೆಗೂ, ಅಲ್ಲಿಯ ಗುಡಿಸಿಲಿನಲ್ಲಿ ಚಳಿಜ್ವರದಿಂದ ಮಲಗಿದ ಮಗುವಿನ ಕಡೆಗೂ ಒಂದು ಕಣ್ಣಿರಲಿ. ಆ ಮಗುವನ್ನು ರಕ್ತಪರೀಕ್ಷೆಗೆ ಕರೆದೊಯ್ಯಲು ನೆರವಾದರೆ ಪರೋಪಕಾರವೂ ಆಯಿತು, ಸ್ವರಕ್ಷಣೆಯೂ ಆಯಿತು. ಅಲ್ಲಿ ಕಚ್ಚಿದ ಸೊಳ್ಳೆಗೆ ನಮ್ಮ ಮನೆಯ ಗೋಡೆ ಅಡ್ಡಬಾರದು.

ದೇವಾಜಮ್ಮಣ್ಣಿಯವರು ತೋಳು ತೋರಿದ ಕಾಲದಲ್ಲಿ ಮೈಲಿಬೇನೆ ಒಂದು ದಿನ ಭೂಮಿಯಿಂದಲೇ ಹೋಗುವುದೆಂದು ಹೇಳಿದ್ದರೆ ಯಾರೂ ನಂಬುತ್ತಿರಲಿಲ್ಲ. ಮಲೇರಿಯಾದ ವಿಷಯದಲ್ಲಿಯೂ ಆ ದಿನ ಬರುವವರೆಗೆ, ಟಿ ಕಣಗಳ ಕಾವಲು ದೇಹದೊಳಗಿರಲಿ, ಗೃಹಸ್ಥರ ಕಾವಲು ತೊಟ್ಟಿಯ ಮುಚ್ಚಳದ ಮೇಲಿರಲಿ.